ಅಬ್ಬನ ಜೀಪಿನ ಅಡ್ಡಪಟ್ಟಿ

ನಮ್ಮ ಮಲೆನಾಡಿನಲ್ಲಿ ಹಳೆಯ ಜೀಪು ಇಟ್ಟುಕೊಂಡವರನ್ನು ಮಾತಿಗೆಳೆದು ನೋಡಿ. ಇಂಜಿನ್ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ. ಅದು ಯಾವ ಕಂಪನಿಯದು, ಲೀಟರಿಗೆ ಎಷ್ಟು ಕೊಡುತ್ತದೆ, ಯಾವ ಏರಿಗೆ ಯಾವ ಗೇರು ಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಆ ಇಂಜಿನ್ ಯಾವುದರ ಮೇಲೆ ಕುಳಿತಿದೆ ಎಂದು ಕೇಳಿದರೆ ಮಾತ್ರ ಒಂದು ಕ್ಷಣ ಸುಮ್ಮನಾಗಿ, ‘ಚಾಸಿ ಮೇಲೆ’ ಎಂದುಬಿಡುತ್ತಾರೆ. ಕಳೆದ ವರ್ಷದ ಏಪ್ರಿಲ್‌ವರೆಗೆ ನಾನೂ ಅಷ್ಟೇ ತಿಳಿದವನಾಗಿದ್ದೆ.

ಜೀಪಿನ ಚಾಸಿ ಎಂದರೆ ನೆಲಕ್ಕೆ ಮಲಗಿಸಿದ ಒಂದು ಏಣಿ. ಉದ್ದಕ್ಕೆ ಎರಡು ಕಬ್ಬಿಣದ ತೊಲೆಗಳು, ಅವುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡಪಟ್ಟಿಗಳು. ಗ್ಯಾರೇಜಿನವರು ಇವನ್ನು ಕ್ರಾಸ್ ಮೆಂಬರ್ ಎನ್ನುತ್ತಾರೆ. ಇಂಜಿನ್ನಿನ ಅಡಿಯಲ್ಲಿರುವ ಅಡ್ಡಪಟ್ಟಿಗೆ ಎರಡು ಕೆಲಸ. ಒಂದು, ಇಂಜಿನ್ನಿನ ಭಾರ ಹೊರುವುದು. ಇನ್ನೊಂದು, ಎರಡು ತೊಲೆಗಳು ಒಂದರಿಂದ ಒಂದು ದೂರ ಸರಿಯದಂತೆ, ಒಂದು ಮುಂದೆ ಒಂದು ಹಿಂದೆ ಹೋಗದಂತೆ ಹಿಡಿದಿಡುವುದು. ಮೊದಲನೆಯ ಕೆಲಸ ತಪ್ಪಿದರೆ ಸದ್ದು ಬರುತ್ತದೆ, ಯಾರಿಗಾದರೂ ತಿಳಿಯುತ್ತದೆ. ಎರಡನೆಯದು ತಪ್ಪಿದರೆ ಬಹಳ ಕಾಲ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಜೀಪು 1971ರ ಸಿಜೆ 3ಬಿ. ಮುಖ ಎತ್ತರ, ಮೈ ಗಿಡ್ಡ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಬರೀ 80 ಇಂಚು. ಅಮೆರಿಕದ ವಿಲ್ಲೀಸ್ ಕಂಪನಿ ತನ್ನ ಹರಿಕೇನ್ ಎಂಬ ಪೆಟ್ರೋಲ್ ಇಂಜಿನ್ನಿಗೆ ಹಳೆಯ ಬಾನೆಟ್ಟಿನಡಿ ಜಾಗ ಸಾಲದೆಂದು ಬಾನೆಟ್ಟನ್ನೇ ಎತ್ತರಿಸಿದ್ದರಿಂದ ಇದಕ್ಕೆ ಈ ರೂಪ ಬಂತು. ನಮ್ಮಲ್ಲಿ ಅದನ್ನು ತಯಾರಿಸಿದ್ದು ಮಹೀಂದ್ರ. ಆ ಕಂಪನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮುಹಮ್ಮದ್. ಪಾಲುದಾರರಾಗಿದ್ದ ಮಲಿಕ್ ಗುಲಾಂ ಮುಹಮ್ಮದ್ 1947ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಎಂದಾಯಿತು. ಎರಡನೆಯ ಹೆಸರು ಹೋದರೂ ಎರಡು ‘ಎಂ’ಗಳು ಹಾಗೇ ಉಳಿದವು. ಅಬ್ಬ ಈ ಕತೆಯನ್ನು ಹೊಸಬರು ಜೀಪು ಹತ್ತಿದಾಗಲೆಲ್ಲ ಹೇಳುತ್ತಿದ್ದರು, ಜೀಪಿನಲ್ಲಿ ತಮಗೂ ಒಂದು ಪಾಲಿದೆ ಎನ್ನುವಂತೆ.

ಅಬ್ಬ ಅದನ್ನು 1983ರಲ್ಲಿ ಒಬ್ಬ ಎಸ್ಟೇಟ್ ಮಾಲೀಕರಿಂದ ಕೊಂಡರು. ಕಳಸ, ಸಂಸೆ, ಸುತ್ತಲಿನ ಒಳದಾರಿಗಳಲ್ಲಿ ಅದನ್ನು ಬಾಡಿಗೆಗೆ ಓಡಿಸಿ ನಮ್ಮನ್ನು ಸಾಕಿದರು. ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯ ಒಳಹಳ್ಳಿಗಳಿಗೆ ಅಂಥ ಜೀಪುಗಳೇ ಆಂಬುಲೆನ್ಸು. ಮಳೆಗಾಲದ ನಡುರಾತ್ರಿ ಬಾಗಿಲು ತಟ್ಟುವ ಸದ್ದು ಕೇಳಿದರೆ ನಮಗೆ ಅರ್ಥವಾಗುತ್ತಿತ್ತು: ಯಾರಿಗೋ ಹೆರಿಗೆ ನೋವು, ಇಲ್ಲವೇ ಹಾವು ಕಚ್ಚಿದೆ, ಇಲ್ಲವೇ ಯಾರೋ ಮರದಿಂದ ಬಿದ್ದಿದ್ದಾರೆ. ಕುದುರೆಮುಖದ ಕಾಡು ದಾಟಿ ಘಟ್ಟ ಇಳಿದು ಮಂಗಳೂರು ಸೇರಲು ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಬ್ಬ ಹೊರಟ ಮೇಲೆ ಅಮ್ಮ ಬೆಳಗಿನವರೆಗೆ ಮಲಗುತ್ತಿರಲಿಲ್ಲ.

ಪೆಟ್ರೋಲ್ ಖರ್ಚು ತಾಳಲಾರದೆ 1996ರಲ್ಲಿ ಅಬ್ಬ ಹರಿಕೇನ್ ಇಳಿಸಿ ಪಿಜೋ ಡೀಸೆಲ್ ಇಂಜಿನ್ ಕೂರಿಸಿದರು. ಎಂಎಂ 540 ಜೀಪಿನಲ್ಲಿ ಬರುತ್ತಿದ್ದ 2112 ಸಿಸಿಯ ಎಕ್ಸ್‌ಡಿಪಿ 4.90 ಅದು. ಆಗ ಮಲೆನಾಡಿನ ಜೀಪುಗಳಲ್ಲೆಲ್ಲ ಇದೇ ಬದಲಾವಣೆ ನಡೆಯುತ್ತಿತ್ತು. ಆರ್‌ಸಿ ಪುಸ್ತಕದಲ್ಲಿ ಡೀಸೆಲ್ ಎಂದು ಬರೆಸಿಕೊಂಡೂ ಬಂದರು. ಇವತ್ತು ಇಂಥ ಬದಲಾವಣೆ ಅಷ್ಟು ಸಲೀಸಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಂಥ ಕಟ್ಟುನಿಟ್ಟು ಯಾಕೆ ಬೇಕೆಂಬುದು ನನಗೆ ಅರ್ಥವಾದದ್ದು ನಮ್ಮ ಜೀಪಿನ ಹೊಟ್ಟೆಯ ಕೆಳಗೆ ಮಲಗಿ ನೋಡಿದಾಗ.

ಅಬ್ಬ 2016ರಲ್ಲಿ ಓಡಿಸುವುದನ್ನು ಬಿಟ್ಟರು. ಕೊಪ್ಪದ ಬಳಿ ಮೇಷ್ಟರಾಗಿರುವ ನಾನು ರಜೆಗೆ ಊರಿಗೆ ಹೋದಾಗ ಅಷ್ಟಿಷ್ಟು ಓಡಿಸುತ್ತಿದ್ದೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ಏರಿನಲ್ಲಿ ಮೊದಲನೇ ಗೇರಿಗೆ ಹಾಕಿದೊಡನೆ ಟಣ್ ಎಂದು ಸದ್ದು ಬಂತು, ಗೇರಿನ ಕೋಲು ತಾನಾಗಿಯೇ ಹಿಂದಕ್ಕೆ ಜಿಗಿಯಿತು. ಬಾನೆಟ್ ಎತ್ತಿದರೆ ಫ್ಯಾನಿನ ರೆಕ್ಕೆ ರೇಡಿಯೇಟರನ್ನು ಸವರಿತ್ತು. ಟಾರ್ಚು ಹಿಡಿದು ಅಡಿಗೆ ನುಸುಳಿದೆ. ಎಡಗಡೆ, ಅಡ್ಡಪಟ್ಟಿ ತೊಲೆಗೆ ಸೇರುವ ಕಡೆ, ಬೆರಳುದ್ದದ ಬಿರುಕು. ಅದರ ಮೇಲೆ ಹಳೆಯ ವೆಲ್ಡಿಂಗ್, ಆ ವೆಲ್ಡಿಂಗ್ ಮೇಲೆ ಇನ್ನೊಂದು ವೆಲ್ಡಿಂಗ್. ಮೂಲದ ಪಟ್ಟಿ ಡೀಸೆಲ್ ಇಂಜಿನ್ನಿನ ಸಂಪ್‌ಗೆ ಅಡ್ಡ ಬಂದಿದ್ದಕ್ಕೆ ಯಾರೋ ಅದನ್ನು ಗ್ಯಾಸಿನಲ್ಲಿ ಕೊಯ್ದು, ಎರಡು ತುಂಡು ಆ್ಯಂಗಲ್ ಕಬ್ಬಿಣ ಅಂಟಿಸಿ ಕೆಲಸ ಮುಗಿಸಿದ್ದರು. ಏಣಿಯ ಒಂದು ಮೆಟ್ಟಿಲನ್ನು ಕತ್ತರಿಸಿ ಅದರ ಮೇಲೆಯೇ ಅತಿ ಭಾರದ ವಸ್ತುವನ್ನು ಇಟ್ಟಂತೆ.

ಮತ್ತೆ ವೆಲ್ಡ್ ಮಾಡಿಸುವ ಬದಲು ಈ ಸಲ ಸಿದ್ಧಪಡಿಸಿದ ಅಡ್ಡಪಟ್ಟಿಯನ್ನೇ ಹಾಕಿಸೋಣ ಎಂದುಕೊಂಡೆ. ಹಳೆಯ ಜೀಪುಗಳ ಬಿಡಿಭಾಗ ಈಗಲೂ ಹೊಸದಾಗಿ ತಯಾರಾಗುವುದು ಹೆಚ್ಚಾಗಿ ಉತ್ತರದಲ್ಲಿ. ಹರಿಯಾಣದ ಮಂಡಿ ಡಬ್ವಾಲಿಯಂತೂ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಸ್ನೇಹಿತರೊಬ್ಬರ ಮೂಲಕ ಆ ಕಡೆಯಿಂದ ಲಾರಿ ಪಾರ್ಸೆಲ್ಲಿನಲ್ಲಿ ಒಂದು ಪಟ್ಟಿ ಬಂತು. ಗೋಣಿತಾಟು ಬಿಚ್ಚಿದರೆ ಒಳಗೆ ಕಪ್ಪು ಬಣ್ಣ ಬಳಿದ ದಪ್ಪ ತಗಡಿನ ವಸ್ತು, ನಡುವೆ ಸಂಪ್‌ಗೆ ಜಾಗ ಬಿಟ್ಟು ಕೆಳಕ್ಕೆ ಬಾಗಿದೆ. ಮೇಲೆ ಇಂಜಿನ್ನಿನ ಮೌಂಟಿಂಗ್ ರಬ್ಬರ್ ಕೂರಲು ಎರಡು ಪೀಠ, ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ತೂತು. ಚಾಸಿಯಲ್ಲಿ ಕಂಪನಿಯೇ ಕೊಟ್ಟ ತೂತುಗಳಿಗೆ ಸರಿಯಾಗಿ ಕೂರುತ್ತದೆ, ಹೊಸದಾಗಿ ಕೊರೆಯುವುದೇನೂ ಬೇಡ ಎಂದಿದ್ದರು ಮಾರಿದವರು. ಎರಡು ದಿನದ ಕೆಲಸ ಎಂದು ಲೆಕ್ಕ ಹಾಕಿದೆ. ಆಗಲೇ ಮೇ ಎರಡನೇ ವಾರ. ತಿಂಗಳ ಕೊನೆಗೆ ಶಾಲೆ ಶುರು, ಅದರ ಬೆನ್ನಿಗೆ ಮಳೆ.

ಜೀಪನ್ನು ಕಟ್ಟಿ ಎಳೆಸಿಕೊಂಡು ಹೋದದ್ದು ಒಬ್ಬ ಆಚಾರ್ರ ಶೆಡ್ಡಿಗೆ. ಅವರ ತಂದೆ ಕುಲುಮೆಯಲ್ಲಿ ಕತ್ತಿ, ಕೊಡಲಿ ಬಡಿಯುತ್ತಿದ್ದವರು. ಇವರು ಅದೇ ಜಾಗದಲ್ಲಿ ಸಿಮೆಂಟು ನೆಲ ಹಾಕಿಸಿ ಜೀಪು ರಿಪೇರಿ ಮಾಡುತ್ತಾರೆ. ಅರವತ್ತು ದಾಟಿದವರು, ಮಾತು ಕಡಿಮೆ. ಬ್ಯಾಟರಿ ವಯರ್ ಬಿಚ್ಚಿದರು, ನೀರು ಇಳಿಸಿ ರೇಡಿಯೇಟರ್ ತೆಗೆದರು. ಗೇರ್‌ಬಾಕ್ಸಿನಡಿ ಜಾಕಿ ಕೊಟ್ಟು, ಇಂಜಿನ್ನಿಗೆ ಸರಪಳಿ ಸುತ್ತಿ, ಶೆಡ್ಡಿನ ತೊಲೆಗೆ ಕಟ್ಟಿದ ಚೈನ್ ಬ್ಲಾಕಿನಿಂದ ಎತ್ತಿ ನಿಲ್ಲಿಸಿದರು. ಹಳೆಯ ಆ್ಯಂಗಲ್ ತುಂಡುಗಳನ್ನು ಗ್ರೈಂಡರಿನಲ್ಲಿ ಕೊಯ್ದು ತೆಗೆದು ತೊಲೆಯನ್ನು ಉಜ್ಜಿದಾಗ ಬಿರುಕು ಪೂರ್ತಿಯಾಗಿ ಕಾಣಿಸಿತು. ಬಿರುಕು ಮುಗಿಯುವ ತುದಿಯಲ್ಲಿ ಆಚಾರ್ರು ಒಂದು ಸಣ್ಣ ತೂತು ಕೊರೆದರು. ಇದ್ಯಾಕೆ ಎಂದು ಕೇಳಿದೆ.

‘ಬಿರುಕಿಗೆ ಚೂಪು ತುದಿ ಇದ್ರೆ ಅದು ಮುಂದೆ ಹೋಗ್ತಾನೇ ಇರತ್ತೆ ಮೇಷ್ಟ್ರೇ. ದುಂಡಗಿನ ತೂತು ಸಿಕ್ರೆ ಅಲ್ಲೇ ನಿಲ್ಲತ್ತೆ. ನಿಂತ್ಮೇಲೆ ಬೆಸುಗೆ.’

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಸಂಜೆ ಹೊಸ ಪಟ್ಟಿಯನ್ನು ಎತ್ತಿ ಹಿಡಿದು ಬಲಗಡೆ ನಾಲ್ಕು ಬೋಲ್ಟು ಹಾಕಿದರು. ಎಡಗಡೆ ಒಂದೂ ಹೋಗಲಿಲ್ಲ. ಪಟ್ಟಿಯ ತೂತಿಗೂ ಚಾಸಿಯ ತೂತಿಗೂ ಅರ್ಧ ತೂತಿನಷ್ಟು ಅಂತರ. ನನಗೆ ಸಿಟ್ಟು ಬಂತು. ಅಷ್ಟು ದೂರದಿಂದ ತರಿಸಿದ್ದು ಅಳತೆ ತಪ್ಪಿದೆಯಲ್ಲ ಎಂದು ಬೈದುಕೊಂಡೆ. ಆಮೇಲೆ ಆಚಾರ್ರಿಗೆ ಹೇಳಿದೆ, ‘ಎಡಗಡೆ ತೂತುಗಳನ್ನು ಸ್ವಲ್ಪ ಉದ್ದ ಮಾಡಿಬಿಡಿ. ಬೋಲ್ಟು ಬಿಗಿಯಾದರೆ ಆಯಿತಲ್ಲ, ಮೇಲಿಂದ ಯಾರಿಗೆ ಕಾಣುತ್ತದೆ?’

ಅವರು ಉತ್ತರ ಕೊಡದೆ ಕೈ ಒರೆಸಿಕೊಂಡು ಬೀಡಿ ಹಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: ‘ಮಾಡಬಹುದು. ಹಿಂದೆ ಮಾಡಿದವ್ರೂ ಹಂಗೇ ಮಾಡಿದ್ದು. ತಪ್ಪು ಪಟ್ಟೀದೋ ಚಾಸೀದೋ ನೋಡದೆ ತೂತು ದೊಡ್ಡ ಮಾಡಿದ್ರೆ ಸುಳ್ಳಿಗೆ ಬೋಲ್ಟು ಹಾಕಿದಂಗೆ. ನಾಳೆ ಅಳೆಯೋಣ.’

ಮರುದಿನ ಗಾರೆ ಕೆಲಸದವರ ತೂಗುಗುಂಡು ತಂದರು. ಗಾಲಿಗಳನ್ನು ಕಳಚಿ ಚಾಸಿಯನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮನಾಗಿ ನಿಲ್ಲಿಸಿದ್ದರು. ಎರಡೂ ತೊಲೆಗಳಲ್ಲಿ, ಎದುರುಬದುರಾಗಿ ಇರಬೇಕಾದ ಕಂಪನಿ ತೂತುಗಳಿಂದ ಗುಂಡು ಇಳಿಬಿಟ್ಟು, ಅದು ನೆಲದಲ್ಲಿ ನಿಂತ ಕಡೆ ಸೀಮೆಸುಣ್ಣದ ಗುರುತು. ಮುಂದೆ ಎರಡು, ಹಿಂದೆ ಎರಡು. ಆಮೇಲೆ ಬಲ ಮುಂದಿನ ಗುರುತಿನಿಂದ ಎಡ ಹಿಂದಿನದಕ್ಕೆ ಟೇಪು, ಎಡ ಮುಂದಿನದರಿಂದ ಬಲ ಹಿಂದಿನದಕ್ಕೆ ಟೇಪು. ಚೌಕಟ್ಟು ನೆಟ್ಟಗಿದ್ದರೆ ಎರಡು ಕರ್ಣಗಳೂ ಸಮ. ನಾನು ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿಕೊಡುವ ಪಾಠ ಅದು. ಇಲ್ಲಿ 14 ಮಿಲಿಮೀಟರ್ ವ್ಯತ್ಯಾಸ. ಮೂರು ಸಲ ಅಳೆದರೂ ಹದಿನಾಲ್ಕೇ. ಎಡಗಡೆಯ ತೊಲೆ ಬಲಗಡೆಯದಕ್ಕಿಂತ ಸುಮಾರು 7 ಮಿಲಿಮೀಟರ್ ಹಿಂದಕ್ಕೆ ಹೋಗಿತ್ತು. ಹರಿಯಾಣದ ಪಟ್ಟಿ ಸರಿಯಾಗಿಯೇ ಇತ್ತು. ಸೊಟ್ಟಗಿದ್ದದ್ದು ನಮ್ಮ ಜೀಪು.

‘ಎಡ ಮುಂಭಾಗಕ್ಕೆ ಜೋರಾಗಿ ಏನೋ ಹೊಡೆದಿದೆ,’ ಎಂದರು ಆಚಾರ್ರು. ‘ಸಾಹೇಬ್ರನ್ನ ಕೇಳಿ.’

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಅಬ್ಬನಿಗೆ ಎಪ್ಪತ್ತೆಂಟು. ಕಿವಿ ಸ್ವಲ್ಪ ಮಂದ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಅವರಿಗೆ ಮೊದಲನೇ ಸಲವೇ ಕೇಳಿಸಿತ್ತು. ತಟ್ಟೆಯಲ್ಲಿ ಕೈ ನಿಂತಿತ್ತು.

‘ತೊಂಬತ್ತೆಂಟರ ಜುಲೈ,’ ಎಂದರು. ಸಂಸೆ ಕಡೆಯಿಂದ ಬರುತ್ತಿದ್ದಾಗ, ಮಬ್ಬುಗತ್ತಲಲ್ಲಿ, ರಸ್ತೆಗೆ ಬಿದ್ದಿದ್ದ ಮರ ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಎಡಗಡೆ ಗುದ್ದಿದರಂತೆ. ಜೀಪಿನಲ್ಲಿ ಏಳು ಜನ. ಒಬ್ಬರ ಹಣೆ ಒಡೆದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಬಂಪರು, ಮಡ್‌ಗಾರ್ಡು ಬಡಿಸಿ ನೆಟ್ಟಗೆ ಮಾಡಿಸಿಕೊಂಡರು. ಬಡಿದವರು ಆಗಲೇ ಹೇಳಿದ್ದರು: ಚಾಸಿ ಎಳೆದುಕೊಂಡಿದೆ, ಇಂಜಿನ್ ಇಳಿಸಿ ನೆಟ್ಟಗೆ ಮಾಡಬೇಕು, ಹತ್ತು ಹನ್ನೆರಡು ದಿನ, ಎಂಟು ಸಾವಿರ.

‘ಎಂಟು ಸಾವಿರ ಇರಲಿಲ್ವಾ?’ ಎಂದೆ.

‘ಇತ್ತು. ಆ ತಿಂಗಳೇ ನಿನ್ನ ಬಿ.ಎಡ್. ಫೀಸು ಕಟ್ಟಬೇಕಿತ್ತು.’

ಅಮ್ಮ ನೀರಿನ ಲೋಟ ಹತ್ತಿರ ಸರಿಸಿದರು. ಅಬ್ಬ ಮುಂದುವರಿಸಿದರು: ‘ಮಳೆಗಾಲ ಮುಗಿದ ಮೇಲೆ ಮಾಡಿಸೋಣ ಅಂದ್ಕೊಂಡೆ. ಆಮೇಲೆ ಮುಂದಿನ ವರ್ಷ ಅಂದ್ಕೊಂಡೆ. ಗಾಡಿ ಎಡಕ್ಕೆ ಎಳೀತಿತ್ತು. ಬಲಕ್ಕೆ ಹಿಡಿದ್ರೆ ಸರಿಯಾಗ್ತಿತ್ತು. ಹಿಡ್ಕೊಂಡೇ ಹೋದೆ. ಮಂಗಳೂರಿಗೆ ಬಸುರಿಯರನ್ನ ಕೂರಿಸ್ಕೊಂಡು ಹೋಗುವಾಗೆಲ್ಲ ನೆನಪಾಗ್ತಿತ್ತು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಯಾರು ಹತ್ತುತ್ತಿದ್ದರು?’

1998ರಿಂದ 2016ರವರೆಗೆ, ಹದಿನೆಂಟು ವರ್ಷ. ಅಬ್ಬನ ಬಲಭುಜದ ನೋವು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅಮ್ಮ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದರು. ವಯಸ್ಸಾಯಿತು, ಘಟ್ಟದ ರಸ್ತೆ ಎಂದೆಲ್ಲ ನಾವೇ ಕಾರಣ ಕೊಟ್ಟುಕೊಂಡಿದ್ದೆವು. ಭುಜಕ್ಕೆ ನಿಜವಾಗಿ ಅದೇ ಕಾರಣವೋ ಅಲ್ಲವೋ ನಾನು ಹೇಳಲಾರೆ. ಆದರೆ ಚಾಸಿ ಮಾಡಬೇಕಾದ ಕೆಲಸವನ್ನು ಆ ಕೈ ಅಷ್ಟು ವರ್ಷ ಮಾಡಿತ್ತು.

ಆ ರಾತ್ರಿ ನನಗೆ ಅಬ್ಬನ ಮೇಲೆ ಸಿಟ್ಟೂ ಬಂತು. ಅವರನ್ನು ನಂಬಿ ಹತ್ತಿದ ಜನರಿಗೆ ಗೊತ್ತಾಗಬೇಕಿತ್ತಲ್ಲವೇ? ಏನೂ ಆಗಲಿಲ್ಲ ಎನ್ನುವುದು ಉತ್ತರವಲ್ಲ; ಆಗದಿದ್ದದ್ದು ಅದೃಷ್ಟ. ಹಾಗೆಂದು ಅವರನ್ನು ವಿಚಾರಣೆ ಮಾಡಲು ನಾನು ಯಾರು? ಆ ಎಂಟು ಸಾವಿರದಿಂದ ಮೇಷ್ಟ್ರಾದವನು ನಾನು. ಅದಕ್ಕಿಂತ ಹೆಚ್ಚಾಗಿ, ಹಿಂದಿನ ದಿನವಷ್ಟೇ ‘ತೂತು ಉದ್ದ ಮಾಡಿಬಿಡಿ, ಯಾರಿಗೆ ಕಾಣುತ್ತದೆ’ ಎಂದವನು. ಅಬ್ಬನಿಗಾದರೂ ಬಡತನದ ನೆಪವಿತ್ತು. ನನಗಿದ್ದದ್ದು ಶಾಲೆ ಶುರುವಾಗುತ್ತದೆ ಎಂಬ ನೆಪ ಮಾತ್ರ.

ಮರುದಿನ ಅಬ್ಬ ನನ್ನ ಜೊತೆ ಶೆಡ್ಡಿಗೆ ಬಂದರು. ಆಚಾರ್ರು ಸ್ಟೂಲು ಹಾಕಿ ಕೂರಿಸಿದರು. ‘ಆಚಾರ್ರೇ, ತಪ್ಪು ನಂದೇ,’ ಎಂದರು ಅಬ್ಬ. ‘ಚಾಸಿ ಎಳೆದುಕೊಂಡಿದ್ದು ಗೊತ್ತಿತ್ತು. ಗೊತ್ತಿದ್ದೂ ಓಡಿಸಿದೆ.’ ಆಚಾರ್ರು, ‘ಈಗ ಸರಿ ಮಾಡೋಣ ಸಾಹೇಬ್ರೇ,’ ಎಂದಷ್ಟೇ ಹೇಳಿ ಸರಪಳಿ ತರಲು ಹೋದರು.

ಚಾಸಿ ನೆಟ್ಟಗೆ ಮಾಡಲು ಐದು ದಿನ ಬೇಕಾಯಿತು. ಹಿಂಭಾಗವನ್ನು ನೆಲದಲ್ಲಿ ಹೂತ ಕಂಬಕ್ಕೆ ಬಿಗಿದು, ಎಡ ತೊಲೆಯನ್ನು ಸರಪಳಿ ಮತ್ತು ಹೈಡ್ರಾಲಿಕ್ ಜಾಕಿಯಿಂದ ಮುಂದಕ್ಕೆ ಎಳೆಯುವುದು, ಬಿಡುವುದು, ಅಳೆಯುವುದು. ಕಬ್ಬಿಣಕ್ಕೆ ತನ್ನ ಹಳೆಯ ಅಭ್ಯಾಸ ಇರುತ್ತದೆ. ಎಳೆದಾಗ ಬರುತ್ತದೆ, ಬಿಟ್ಟ ಕೂಡಲೇ ಅರ್ಧ ಹಿಂದಕ್ಕೆ ಹೋಗುತ್ತದೆ. ಕಾಯಿಸಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. ಬೇಗ ಆಗುತ್ತದೆ, ಆದರೆ ಕಾದ ಜಾಗ ಆಮೇಲೆ ಮೆತ್ತಗಾಗಿ ಉಳಿಯುತ್ತದೆ ಎಂದರು. ಐದನೇ ದಿನ ಕರ್ಣಗಳ ವ್ಯತ್ಯಾಸ 2 ಮಿಲಿಮೀಟರಿಗೆ ಇಳಿಯಿತು. ‘ಈ ವಯಸ್ಸಿನ ಚಾಸಿಗೆ ಇದು ಸಾಕು,’ ಎಂದು ಹೊಸ ಪಟ್ಟಿಯನ್ನು ಎತ್ತಿದರು. ಎಂಟೂ ಬೋಲ್ಟುಗಳು ಕೈಯಲ್ಲೇ ಒಳಗೆ ಹೋದವು. ಸುತ್ತಿಗೆಯ ಒಂದು ಪೆಟ್ಟೂ ಬೇಕಾಗಲಿಲ್ಲ.

ಆದರೂ ಅವರು ಬಿಗಿಮಾಡಲಿಲ್ಲ. ಬೋಲ್ಟುಗಳನ್ನು ಬೆರಳಿನಷ್ಟೇ ಬಿಗಿಯಲ್ಲಿ ಬಿಟ್ಟು, ಹೊಸ ರಬ್ಬರುಗಳ ಮೇಲೆ ಇಂಜಿನ್ನನ್ನು ನಿಧಾನ ಇಳಿಸಿದರು. ಸಂಪ್‌ಗೂ ಮುಂದಿನ ಆಕ್ಸಲ್ಲಿಗೂ ನಡುವೆ ಎಷ್ಟು ಜಾಗವಿದೆ? ಸ್ಪ್ರಿಂಗ್ ಪಟ್ಟಾ ಪೂರ್ತಿ ಕುಗ್ಗಿ ಆಕ್ಸಲ್ ಮೇಲಕ್ಕೆ ಬಂದರೂ ತಾಗುವುದಿಲ್ಲವೇ? ಫ್ಯಾನಿಗೂ ರೇಡಿಯೇಟರಿಗೂ ಒಂದು ಇಂಚಾದರೂ ಇದೆಯೇ? ಗೇರ್‌ಬಾಕ್ಸ್ ಯಾವ ಕಡೆಗೂ ತಿರುಚಿಕೊಳ್ಳದೆ ತನ್ನ ಹಿಂದಿನ ಪಟ್ಟಿಯ ಮೇಲೆ ತಾನಾಗಿ ಕೂರುತ್ತಿದೆಯೇ? ಎಲ್ಲ ನೋಡಿದ ಮೇಲೆ ಮತ್ತೆ ಇಂಜಿನ್ ಎತ್ತಿ ಬೋಲ್ಟುಗಳನ್ನು ಬಿಚ್ಚಿದರು. ಮುಂಭಾಗದ ತೊಲೆ ಒಳಗೆ ಟೊಳ್ಳು. ಹಾಗೇ ಬಿಗಿದರೆ ಬೋಲ್ಟು ತೊಲೆಯನ್ನೇ ಅಮುಕಿ ಚಪ್ಪಟೆ ಮಾಡುತ್ತದೆ, ಆಮೇಲೆ ಎಷ್ಟು ಬಿಗಿದರೂ ಸಡಿಲವೇ. ಅದಕ್ಕೆ ಪ್ರತಿ ತೂತಿನೊಳಗೂ ತೊಲೆಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಪೈಪಿನ ತುಂಡು ಕೂರಿಸಿ, ಅದರ ಮೂಲಕ ಬೋಲ್ಟು ಹಾಯಿಸಿದರು. ಬೋಲ್ಟುಗಳು ತಲೆಯ ಮೇಲೆ 8.8 ಎಂದು ಕೊರೆದಿದ್ದವು, ಅಂದರೆ ಹೈ ಟೆನ್ಸೈಲ್. ‘ಹಾರ್ಡ್‌ವೇರ್ ಅಂಗಡಿ ಸಾದಾ ಬೋಲ್ಟು ಗೇಟಿಗೆ ಸಾಕು, ಇಂಜಿನ್ನಿಗೆ ಬೇಡ,’ ಎಂದರು.

ಕೊನೆಗೆ ಎಲ್ಲ ಮುಗಿದು ಕೀಲಿ ತಿರುಗಿಸಿದರೆ ಸ್ಟಾರ್ಟರ್ ಸುಸ್ತಾದವರಂತೆ ಗೊರಗುಟ್ಟಿತು. ಆಚಾರ್ರು ನಕ್ಕರು, ಆ ಇಡೀ ವಾರದಲ್ಲಿ ಒಂದೇ ಸಲ. ಇಂಜಿನ್ ಈಗ ಹೊಸ ರಬ್ಬರಿನ ಮೇಲೆ ಕುಳಿತಿದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಹಾಕಲು ಅವರ ಹುಡುಗ ಮರೆತಿದ್ದ. ಅದನ್ನು ಹಾಕಿದ ಮೇಲೆ ಪಿಜೋ ಒಂದೇ ಸುತ್ತಿಗೆ ಹಿಡಿಯಿತು.

ಮೇ 26ರ ಸಂಜೆ ಊರಿನ ಶಾಲೆಯ ಮೈದಾನದಲ್ಲಿ ಅಬ್ಬನಿಗೆ ಸ್ಟಿಯರಿಂಗ್ ಕೊಟ್ಟೆ. ರಸ್ತೆಯಲ್ಲಿ ಓಡಿಸುವುದಿಲ್ಲ ಎಂದು ಅವರೇ ನಿಶ್ಚಯಿಸಿದವರು, ಮೈದಾನವಾದ್ದರಿಂದ ಒಪ್ಪಿದರು. ಎರಡನೇ ಗೇರಿನಲ್ಲಿ ನಿಧಾನವಾಗಿ ಹೊರಟರು. ಜೀಪು ನೆಟ್ಟಗೆ ಹೋಗುವ ಬದಲು ಮೆಲ್ಲಗೆ ಬಲಕ್ಕೆ ವಾಲುತ್ತ ಕಬಡ್ಡಿ ಅಂಕಣದ ಗೆರೆ ದಾಟಿತು. ನನ್ನ ಎದೆ ಧಸಕ್ಕೆಂದಿತು. ಇಷ್ಟೆಲ್ಲ ಮಾಡಿಯೂ ಸರಿಯಾಗಲಿಲ್ಲವೇ? ಅಬ್ಬ ನಿಲ್ಲಿಸಿ, ತಮ್ಮ ಕೈಗಳನ್ನೇ ನೋಡಿಕೊಂಡರು.

‘ಗಾಡಿ ಸರಿ ಇದೆ ಕಣೋ,’ ಎಂದರು. ‘ಕೈಯೇ ಇನ್ನೂ ಬಲಕ್ಕೆ ಎಳೀತಿದೆ.’

ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು, ಐನೂರಕ್ಕೆ ಇನ್ನೊಮ್ಮೆ ಎಂದು ಆಚಾರ್ರು ಹೇಳಿದ್ದರು. ಹೊಸ ಲೋಹ, ಹೊಸ ರಬ್ಬರು ಕೂರಲು ಸಮಯ ತೆಗೆದುಕೊಳ್ಳುತ್ತವಂತೆ. ಜೂನ್ ಎರಡನೇ ಭಾನುವಾರ, ಸುರಿಯುವ ಮಳೆಯಲ್ಲಿ ಹೋದೆವು. ಅಬ್ಬನೂ ಬಂದರು. ನೆಲದ ಮೇಲೆ ಸೀಮೆಸುಣ್ಣದ ನಾಲ್ಕು ಗುರುತುಗಳು ಮಸುಕಾಗಿ ಇನ್ನೂ ಇದ್ದವು. ಸ್ಪ್ಯಾನರ್ ಹಾಕಿದಾಗ ಎಡಗಡೆಯ ಎರಡು ಬೋಲ್ಟುಗಳು ಕಾಲು ಸುತ್ತು ತಿರುಗಿದವು, ಉಳಿದವು ಅಲುಗಲಿಲ್ಲ. ಆಚಾರ್ರು ಎದ್ದು ಮೊಣಕಾಲು ಒರೆಸಿಕೊಂಡು, ‘ಆಯ್ತು, ಹೊರಡಿ,’ ಎಂದರು.

ಅಬ್ಬ ಹೊರಡಲಿಲ್ಲ. ‘ಆಚಾರ್ರೇ, ಬೇಜಾರಿಲ್ಲದಿದ್ರೆ ಕರ್ಣ ಇನ್ನೊಂದ್ಸಲ ಅಳೆದುಬಿಡಿ,’ ಎಂದರು.

ಆಚಾರ್ರು ತೂಗುಗುಂಡು ತರಲು ಒಳಗೆ ಹೋದರು. ನಾನು ಟೇಪಿನ ಒಂದು ತುದಿ ಹಿಡಿದೆ, ಇನ್ನೊಂದು ತುದಿಯನ್ನು ಅಬ್ಬ ಹಿಡಿದರು.